ಡೆಕ್ಕಿನ ಮೇಲೆ ಡೇರೆ

ವೆನಾಚಿಯ ಸೇಬಿನ ಗೋದಾಮಿನಲ್ಲಿ
ಹನ್ನೊಂದನೇ ಕೋಣೆ ನಮ್ಮದು.
ವರ್ಷವಿಡೀ ಒಂದೇ ಋತು, ಸೊನ್ನೆಯಿಂದ ಒಂದು ಡಿಗ್ರಿ ಮೇಲೆ.
ಹೊರಗೆ ಜುಲೈ ಉರಿಯುವಾಗಲೂ
ನಮ್ಮ ಮೂಗಿನ ತುದಿಯಲ್ಲಿ ಜನವರಿ.

ಇಂಥವರು ದುಡ್ಡು ಕೊಟ್ಟು
ಚಳಿ ನೋಡಲು ಹೊರಟರೆ
ನಗದೆ ಇನ್ನೇನು ಮಾಡುತ್ತಾರೆ ಜನ.
ಫೋರ್ಕ್‌ಲಿಫ್ಟಿನ ಮೇಲಿಂದ ಓರಿನ್ ಕೂಗಿದ:
"ಬಾಗಿಲು ಹಾಕಿ ಲೈಟು ಆರಿಸ್ತೀನಿ, ಟ್ವೈಲಾ,
ಅಲಾಸ್ಕಾ ಇಲ್ಲಿಗೇ ಬರುತ್ತೆ, ಪುಕ್ಕಟೆ."

ರೊಸಾಲ್ವಾ ನಗಲಿಲ್ಲ.
ಊಟದ ಬಿಡುವಿನಲ್ಲಿ ಪೆಟ್ಟಿಗೆಯ ರಟ್ಟು ಹರಿದು
ಲೆಕ್ಕ ಬರೆಯತೊಡಗಿದಳು.

ಮೊದಲು ದೊಡ್ಡ ಹಡಗು.
ಬಾಲ್ಕನಿ ಇರುವ ಕೋಣೆಯ ಬೆಲೆಯನ್ನು
ಅವಳು ಬಾಯಿಬಿಟ್ಟು ಓದಲಿಲ್ಲ, ಬೆರಳಿಟ್ಟು ತೋರಿಸಿದಳು,
ತೀರಿಕೊಂಡವರ ಫೋಟೋ ತೋರಿಸುವ ಹಾಗೆ.
ಬರಿಯ ಕಿಟಕಿ ಇದ್ದರೆ ಕಡಿಮೆ.
ಕಿಟಕಿಯೇ ಇಲ್ಲದಿದ್ದರೆ ಇನ್ನೂ ಕಡಿಮೆ.
"ಗೋಡೆ ನೋಡೋಕೆ ಅಷ್ಟು ದೂರ ಯಾಕೆ?
ಹನ್ನೊಂದನೇ ಕೋಣೆಗೂ ಕಿಟಕಿ ಇಲ್ಲವಲ್ಲ."
ಆಮೇಲೆ ಟಿಪ್ಸು, ಬಂದರಿನ ತೆರಿಗೆ,
ತಿಮಿಂಗಿಲ ನೋಡಲು ಬೇರೆ ದೋಣಿ,
ಆ ದೋಣಿಯವನಿಗೆ ಬೇರೆ ಟಿಪ್ಸು.
ರಟ್ಟಿನ ಒಂದು ಬದಿ ತುಂಬಿತು. ತಿರುವಿದೆವು.

ತಿರುವಿದ ಬದಿಯಲ್ಲಿ ಸರ್ಕಾರಿ ಹಡಗು,
ಬೆಲ್ಲಿಂಗ್‌ಹ್ಯಾಮಿನಿಂದ, ಶುಕ್ರವಾರ ಸಂಜೆ.
ಅದು ಹಡಗಲ್ಲ, ನೀರ ಮೇಲಿನ ಬಸ್ಸು:
ಮೀನುಗಾರರು, ಬ್ಯಾಸ್ಕೆಟ್‌ಬಾಲ್ ಆಡಿ ಸೋತ ಹುಡುಗರು,
ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಮರಳುವ ಮುದುಕಿಯರು,
ಒಂದು ಫ್ರಿಜ್ಜು, ಎರಡು ನಾಯಿ.
ಕೋಣೆ ಬೇಡವೆಂದರೆ ಡೆಕ್ಕಿನ ಮೇಲೆಯೇ ಡೇರೆ ಹಾಕಬಹುದು.
ಗೂಟ ಹೊಡೆಯಲು ಮಣ್ಣೆಲ್ಲಿ, ಬರೀ ಕಬ್ಬಿಣ.
ಅದಕ್ಕೇ ಟೇಪು, ಅಗಲದ ಬೂದು ಟೇಪು,
ನಾಲ್ಕು ಮೂಲೆಗೂ, ಅಡ್ಡಕ್ಕೂ ಉದ್ದಕ್ಕೂ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ನಮ್ಮದು ಟೇಪು ಇದ್ದಷ್ಟು.
ಗೋದಾಮಿನಲ್ಲಿ ಟೇಪಿಗೇನು ಬರವಿಲ್ಲ.
(ಈ ಸಾಲು ಬರೆಯಬಾರದಿತ್ತು.)

ಮೂರು ರಾತ್ರಿಗೆ ಅವಳ ತಮಾಲೆ,
ನನ್ನ ನೂಡಲ್ಸು; ಹಡಗಿನಲ್ಲಿ ಬಿಸಿನೀರಿಗೆ ಕಾಸಿಲ್ಲವಂತೆ.
ಕೋಟೂ ಕೊಳ್ಳಬೇಕಿಲ್ಲ.
ಎದೆಯ ಮೇಲೆ ಕಂಪನಿಯ ಹೆಸರು ಹೊಲಿದ ನೀಲಿ ಕೋಟುಗಳನ್ನು
ಒಯ್ಯಬಹುದೇ ಎಂದು ಕೇಳಿದಾಗ
ಸೂಪರ್‌ವೈಸರ್ ಹಲ್ಬರ್ಟ್ ಬಹಳ ಹೊತ್ತು ನಿಯಮ ಹುಡುಕಿ
ಸಿಗದೆ, "ಮೀನಿನ ವಾಸನೆ ಬರಬಾರದು" ಅಂದ.

ಯಾಕೆ ಹೋಗಬೇಕು ಅಂತ ನಾನೇ ಒಮ್ಮೆ ಕೇಳಿದೆ.
ಗ್ಲೌಸು ಬಿಚ್ಚಿ, ಬೆರಳಿಗೆ ಉಸಿರು ಊದಿಕೊಂಡು
ರೊಸಾಲ್ವಾ ಮೇಲೆ ಗರಗರ ತಿರುಗುವ ಯಂತ್ರ ನೋಡಿದಳು:
"ಯಾರೂ ಸ್ವಿಚ್ಚು ಹಾಕದ ಚಳಿ
ಹೇಗಿರುತ್ತೆ ನೋಡಬೇಕು.
ಯಾವುದನ್ನೂ ಕಾಯದೆ, ಸುಮ್ಮನೆ ಇರುವ ಚಳಿ."

ಹದಿನೈದು ದಿನಕ್ಕೊಮ್ಮೆ ತಲಾ ಇಪ್ಪತ್ತೆರಡು ಡಾಲರು
ಕಾಫಿಯ ಡಬ್ಬಕ್ಕೆ. ಹನಿಗೂಡಿದರೆ ಹಳ್ಳ.
ಅಲ್ಲಿ ಆ ಹಿಮನದಿಯೂ ಇದೇ ಗಾದೆ ಹಿಡಿದು
ಹನಿಹನಿಯಾಗಿ ಹಿಂದೆ ಸರಿಯುತ್ತಿದೆಯಂತೆ.
ಯಾರ ಹಳ್ಳ ಮೊದಲು ತುಂಬುತ್ತದೋ.

ಮಾರ್ಚಿನಲ್ಲಿ ಅವಳ ಕಾರಿನ ಗೇರುಬಾಕ್ಸು
ಡಬ್ಬವನ್ನು ಅರ್ಧಕ್ಕಿಳಿಸಿತು.
ರಟ್ಟಿನ ಮೇಲೆ ವರ್ಷವನ್ನಷ್ಟೇ ತಿದ್ದಿದೆವು.
ತಿಂಗಳು ಮೇ, ಹಾಗೇ ಇದೆ; ಮೇಯಲ್ಲಿ ಜನ ಕಡಿಮೆ.

ಮೊನ್ನೆ ಭಾನುವಾರ, ಲಾರಿ ನಿಲ್ಲುವ ಕಟ್ಟೆಯ ಮೇಲೆ
ಡೇರೆ ಹಾಕಿ ನೋಡಿದೆವು.
ನಗುತ್ತಿದ್ದ ಓರಿನ್ನನೇ ದೊಡ್ಡ ಫ್ಯಾನು ಎಳೆದು ತಂದು
ಪೂರ್ತಿ ವೇಗಕ್ಕೆ ತಿರುಗಿಸಿದ.
ಒಳಗೆ ನಾವಿಬ್ಬರು, ನೀಲಿ ಕೋಟು, ಒಂದೇ ಫ್ಲಾಸ್ಕು.
ಬಟ್ಟೆ ಹೊಟ್ಟೆಯುಬ್ಬಿಸಿ ಪಟಪಟ ಬಡಿದುಕೊಂಡಿತು,
ಕಬ್ಬಿಣದ ನೆಲ ಸ್ವಲ್ಪ ತೂಗಿದಂತೆಯೂ ಆಯಿತು.

ಎಡಗಡೆಯ ಮೂಲೆಯೊಂದು ಕಿತ್ತುಬಂತು.
ಬರೆದುಕೊಂಡೆವು: ಟೇಪು, ಇನ್ನೊಂದು ಸುರುಳಿ.